ಮುನಿರತ್ನಮ್ಮನ ಆರು ಹಾಸಿಗೆಗಳು

೧೯೬೭ರ ಜೂನ್ ತಿಂಗಳಲ್ಲಿ ನನಗೆ ವಾರ್ಡ್ ಸಿಸ್ಟರ್ ಆಗಿ ಬಡ್ತಿ ಬಂತು. ಬಡ್ತಿಯ ಜೊತೆಗೆ ವರ್ಗವೂ ಬಂತು. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ಸ್ಟಾಫ್ ನರ್ಸ್ ಆಗಿ ಓಡಾಡಿದ್ದ ನನ್ನನ್ನು ದೇವನಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರಿಗೆ ಹಾಕಿದರು. ಊರಿನ ಹೆಸರು ಬೇಡ. ಅದೇ ತಾಲ್ಲೂಕಿನ ವಿಜಯಪುರದಿಂದ ಬಸ್ಸಿನಲ್ಲಿ ಅರ್ಧ ಗಂಟೆ ಎಂದರೆ ಸಾಕು. ಅಲ್ಲಿ ಬೀದಿಗೆ ನಾಲ್ಕಾರು ಮನೆಗಳಲ್ಲಿ ರೇಷ್ಮೆ ನೂಲು ತೆಗೆಯುವ ಚರಕಗಳಿದ್ದವು. ಗೂಡು ಬೇಯಿಸುವ ವಾಸನೆ ಗಾಳಿ ಬೀಸಿದಾಗಲೆಲ್ಲ ವಾರ್ಡಿನೊಳಕ್ಕೆ ನುಗ್ಗುತ್ತಿತ್ತು. ಮೊದಲ ವಾರವೆಲ್ಲ ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಕೆಲಸ ಮಾಡಿದೆ. ಎರಡು ತಿಂಗಳಾಗುವಷ್ಟರಲ್ಲಿ, ವಾಸನೆ ಬಾರದ ದಿನ ‘ಇವತ್ತೇನು ಊರಿಗೆಲ್ಲ ರಜವಾ?’ ಎಂದು ಕೇಳುವ ಹಾಗಾಗಿದ್ದೆ.

ನನಗೆ ಆಗ ಮೂವತ್ತನಾಲ್ಕು ವರ್ಷ. ಬಾಯಿ ಸ್ವಲ್ಪ ಜೋರು, ಗಡಿಯಾರದ ಮೇಲೆ ಭಕ್ತಿ ಜಾಸ್ತಿ. ಬೆಂಗಳೂರಿನಿಂದ ಬಂದವಳು, ಈ ಹಳ್ಳಿಯವರಿಗೆ ಕೆಲಸ ಎಂದರೇನು ಎಂದು ತೋರಿಸುತ್ತೇನೆ ಎಂಬ ಹಮ್ಮು ಬೇರೆ.

ಹೆಂಗಸರ ವಾರ್ಡಿನಲ್ಲಿ ಹದಿನೆಂಟು ಹಾಸಿಗೆಗಳಿದ್ದವು. ಬೆಳಗಿನ ಪಾಳಿಗೆ ಮೂವರು ನರ್ಸುಗಳು. ನಾನು ಹೋಗುವುದಕ್ಕೆ ಮುಂಚಿನಿಂದಲೂ ಅಲ್ಲೊಂದು ರೂಢಿಯಿತ್ತು. ಹದಿನೆಂಟನ್ನು ಮೂರು ಭಾಗ ಮಾಡಿ ಒಬ್ಬೊಬ್ಬರಿಗೆ ಆರಾರು ಹಾಸಿಗೆ ಹಂಚಿದ್ದರು. ಆ ಆರು ಜನಕ್ಕೆ ಜ್ವರ ನೋಡುವುದು, ಮಾತ್ರೆ, ಇಂಜೆಕ್ಷನ್, ಡ್ರೆಸಿಂಗ್, ಮೈ ಒರೆಸುವುದು, ತಲೆ ಬಾಚುವುದು ಎಲ್ಲವೂ ಒಬ್ಬಳದೇ ಜವಾಬ್ದಾರಿ. ‘ಮೇರಿ ಬೆಡ್ಡು’, ‘ಜಾನಕಿ ಬೆಡ್ಡು’, ‘ರತ್ನಮ್ಮನ ಬೆಡ್ಡು’ ಎಂದೇ ಆಯಾಗಳು ಕೂಡ ಹೇಳುತ್ತಿದ್ದರು.

ಈ ರತ್ನಮ್ಮನ ಪೂರ್ತಿ ಹೆಸರು ಮುನಿರತ್ನಮ್ಮ. ಇಪ್ಪತ್ತನಾಲ್ಕು ವರ್ಷದ ಹುಡುಗಿ. ಅಲ್ಲಿಂದ ಎಂಟು ಮೈಲಿ ದೂರದ ಹಳ್ಳಿಯಲ್ಲಿ ಹೊಲ, ಹಿಪ್ಪುನೇರಳೆ ತೋಟ ಇದ್ದ ಒಕ್ಕಲು ಮನೆತನದವಳು. ಅಂಥ ಮನೆಯ ಹುಡುಗಿ ನರ್ಸ್ ಆಗುವುದು ಆ ಕಡೆ ಆಗ ಬಹಳ ಅಪರೂಪ. ‘ಕಂಡೋರ ಕೀವು ಒರೆಸೋ ಕೆಲಸ ನಮ್ಮ ಮನೆ ಹೆಣ್ಣುಮಗೀಗ್ಯಾಕೆ’ ಎಂದು ನೆಂಟರಿಷ್ಟರೆಲ್ಲ ಮೂಗು ಮುರಿದರಂತೆ. ಅಪ್ಪ ಒಬ್ಬರೇ ಅವಳ ಬೆನ್ನಿಗೆ ನಿಂತವರು. ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಮೇಲೂ ಮದುವೆ ಮನೆಗಳಲ್ಲಿ ಕೆಲವರು ಅವಳ ಪಕ್ಕ ಊಟಕ್ಕೆ ಕೂರುತ್ತಿರಲಿಲ್ಲ. ಅದನ್ನವಳು ನಗುತ್ತಲೇ ಹೇಳಿದ್ದಳು.

ಅವಳ ಕೈ ಚುರುಕು. ಆದರೆ ಬಾಯಿ ಇನ್ನೂ ಚುರುಕು. ರೋಗಿಯ ಹಾಸಿಗೆಯ ಅಂಚಿನಲ್ಲಿ ಕೂರಬಾರದು ಎಂಬುದು ನಾವೆಲ್ಲ ತರಬೇತಿಯಲ್ಲಿ ಕಲಿತ ಮೊದಲ ಪಾಠ. ಇವಳು ದಿನವೂ ಕೂರುತ್ತಿದ್ದಳು. ‘ರಾತ್ರಿ ನಿದ್ದೆ ಬಂತೇನಮ್ಮ? ಮನೇಲಿ ಮಕ್ಕಳಿಗೆ ಯಾರು ಮುದ್ದೆ ತಿರುವ್ತಾರೆ? ನಿನ್ನ ಗಂಡ ಯಾಕೆ ನೆನ್ನೆ ಬರ್ಲಿಲ್ಲ?’ ಎಂದು ಕೇಳಿಕೊಂಡು, ಒಂದು ಡ್ರೆಸಿಂಗಿಗೆ ಇಪ್ಪತ್ತು ನಿಮಿಷ. ವಾಸಿಯಾಗಿ ಹೋದ ಹೆಂಗಸರು ಸಂತೆಯ ದಿನ ಆಸ್ಪತ್ರೆಯ ಬಾಗಿಲಲ್ಲಿ ಇಣುಕಿ ‘ರತ್ನಮ್ಮ ಒಳಗವ್ಳಾ?’ ಎನ್ನುತ್ತಿದ್ದರು. ಕಾಯಿಲೆಯಿಲ್ಲದವರಿಗೆ ಆಸ್ಪತ್ರೆಯಲ್ಲೇನು ಕೆಲಸ ಎಂದು ನಾನು ಗದರುತ್ತಿದ್ದೆ. ಅವರು ಮಗುವನ್ನು ಒಂದು ಕ್ಷಣ ಅವಳ ಕೈಗೆ ಕೊಟ್ಟು, ಒಂದು ಚಕ್ಕೋತ ಹಣ್ಣು ಇಟ್ಟು ಓಡಿಬಿಡುತ್ತಿದ್ದರು.

ಬೆಳಗಿನ ಕೆಲಸ ಮುಗಿಯುವುದಕ್ಕೆ ಹನ್ನೆರಡೂವರೆ, ಕೆಲವು ದಿನ ಒಂದು ಗಂಟೆಯೇ ಆಗುತ್ತಿತ್ತು. ಇದನ್ನು ನನ್ನಿಂದ ಸಹಿಸಲಾಗಲಿಲ್ಲ. ಬೆಂಗಳೂರಿನಲ್ಲಿ ನಾನು ಕಲಿತು ಬಂದಿದ್ದ ಪದ್ಧತಿಯೇ ಬೇರೆ. ಅಲ್ಲಿ ಹಾಸಿಗೆಯನ್ನಲ್ಲ, ಕೆಲಸವನ್ನು ಹಂಚುತ್ತಿದ್ದರು. ಒಬ್ಬಳು ಇಡೀ ವಾರ್ಡಿಗೆ ಜ್ವರ, ನಾಡಿ ಮಾತ್ರ ನೋಡಬೇಕು, ಒಬ್ಬಳು ಮಾತ್ರೆ ಮತ್ತು ಇಂಜೆಕ್ಷನ್, ಇನ್ನೊಬ್ಬಳು ಡ್ರೆಸಿಂಗ್. ಒಂದೇ ಕೆಲಸ ಮಾಡುತ್ತಿದ್ದರೆ ಕೈ ಪಳಗುತ್ತದೆ, ಹೊತ್ತು ಉಳಿಯುತ್ತದೆ. ಆಗಸ್ಟಿನಲ್ಲಿ ಒಂದು ಭಾನುವಾರವೆಲ್ಲ ಕೂತು ಕೆಂಪು ಶಾಯಿ, ನೀಲಿ ಶಾಯಿಯಲ್ಲಿ ದೊಡ್ಡ ಪಟ್ಟಿ ಬರೆದೆ. ಜಾನಕಿಗೆ ಥರ್ಮಾಮೀಟರು, ಮೇರಿಗೆ ಔಷಧದ ಟ್ರೇ, ರತ್ನಳಿಗೆ ಡ್ರೆಸಿಂಗ್ ಟ್ರಾಲಿ. ಹೊರರೋಗಿಗಳ ಡ್ರೆಸಿಂಗನ್ನೂ ಅವಳಿಗೇ ಸೇರಿಸಿದೆ. ಅವಳ ಕೈ ಚುರುಕಲ್ಲವೇ?

ಪಟ್ಟಿಯನ್ನು ಗೋಡೆಗೆ ಹೊಡೆದ ದಿನ ಮೇರಿ ಅದನ್ನು ಎರಡು ಸಲ ಓದಿ, ‘ನಂದು ಯಾವ ಬೆಡ್ಡು ಸಿಸ್ಟರ್?’ ಎಂದು ಕೇಳಿದಳು.

‘ಹದಿನೆಂಟೂ ನಿಂದೇ ಕಣೆ’ ಎಂದೆ. ಅವಳು ನಕ್ಕಳು. ಅವಳಿಗೆ ಖುಷಿಯಾಯಿತು ಎಂದುಕೊಂಡೆ.

ಎರಡೇ ವಾರದಲ್ಲಿ ಬೆಳಗಿನ ಕೆಲಸ ಹತ್ತೂವರೆಗೆ ಮುಗಿಯತೊಡಗಿತು. ತಪಾಸಣೆಗೆ ಬಂದ ಅಧಿಕಾರಿಗಳು ಪಟ್ಟಿಯ ಮುಂದೆ ನಿಂತು, ಬೇರೆ ಆಸ್ಪತ್ರೆಗಳೂ ಇದನ್ನು ನೋಡಿ ಕಲಿಯಬೇಕು ಎಂದು ಸಂದರ್ಶಕರ ಪುಸ್ತಕದಲ್ಲಿ ಬರೆದರು. ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಆದರೆ ದೀಪಾವಳಿ ಕಳೆಯುವ ಹೊತ್ತಿಗೆ ವಾರ್ಡಿನ ಕಳೆಯೇ ಹೋಗಿತ್ತು. ಜಾನಕಿಗೆ ವಾರಕ್ಕೆ ಎರಡು ದಿನ ತಲೆನೋವು. ಸಿರಿಂಜುಗಳನ್ನು ಕುದಿಸಲು ಇಟ್ಟು ಚರ್ಚಿನ ಹಾಡು ಗುನುಗುತ್ತಿದ್ದ ಮೇರಿಯ ದನಿ ನಿಂತುಹೋಗಿತ್ತು. ಕೆಲಸ ಬೇಗ ಮುಗಿದರೂ ಮೂವರೂ ಹೊತ್ತು ಹೋಗದೆ, ಒಬ್ಬರ ಮುಖ ಒಬ್ಬರು ನೋಡದೆ ಟೀ ಕುಡಿಯುತ್ತಿದ್ದರು. ಸಣ್ಣಸಣ್ಣದಕ್ಕೆ ಸಿಡುಕು. ಎರಡು ನಿಮಿಷವೂ ತಡವಾಗಿ ಬರದಿದ್ದವರು ಅರ್ಧ ಗಂಟೆ ತಡವಾಗಿ ಬರತೊಡಗಿದರು.

ನಾನೂ ಕಣ್ಣು ಮುಚ್ಚಿಕೊಂಡು ಕೂರಲಿಲ್ಲ. ಇವರಿಗೆ ಸೌಕರ್ಯ ಸಾಲದು ಎಂದುಕೊಂಡೆ. ಟೀ ಕಾಯಿಸಲು ಹೊಸ ಸ್ಟೌ ತರಿಸಿದೆ. ತಿಂಗಳಿಗೊಂದು ಭಾನುವಾರ ಬಿಡುವು ಸಿಗುವಂತೆ ಪಾಳಿ ಬದಲಾಯಿಸಿದೆ. ಮೇಲಿನವರಿಗೆ ಮೂರು ಕಾಗದ ಬರೆದು, ನರ್ಸುಗಳ ಕೋಣೆಗೆ ಬೆತ್ತದ ಕುರ್ಚಿಯೊಂದನ್ನು ಮಂಜೂರು ಮಾಡಿಸಿದೆ. ಆ ಕುರ್ಚಿಯಲ್ಲಿ ಆಸ್ಪತ್ರೆಯ ಬೆಕ್ಕು ಹಾಯಾಗಿ ಮಲಗಿತು. ನರ್ಸುಗಳ ಮುಖ ಮಾತ್ರ ಹಾಗೇ ಇತ್ತು. ಏನು ಕಮ್ಮಿಯಾಗಿದೆ ಎಂದು ನಾನು ಅವರನ್ನು ಒಂದು ಸಲವೂ ಕೇಳಲಿಲ್ಲ. ಕೇಳುವ ಬದಲು ಕೊಡುತ್ತಾ ಹೋದೆ.

೧೯೬೮ರ ಫೆಬ್ರವರಿ ಕೊನೆಯಲ್ಲಿ ರತ್ನ ನನ್ನ ಮೇಜಿನ ಮೇಲೆ ರಾಜೀನಾಮೆ ಪತ್ರ ಇಟ್ಟಳು. ಒಂದು ತಿಂಗಳ ನೋಟಿಸು.

‘ಮದುವೆ ಗೊತ್ತಾಯ್ತೇನೆ?’ ಎಂದೆ.

‘ಇಲ್ಲ ಸಿಸ್ಟರ್.’

‘ಕೆಲಸ ಜಾಸ್ತಿ ಆಗಿದೆಯಾ?’

‘ಕಮ್ಮೀನೇ ಆಗೈತೆ.’

‘ಮತ್ತೇನು ರೋಗ ನಿನಗೆ?’

‘ಸಾಯಂಕಾಲ ರೂಮಿಗೆ ಹೋಗಿ ಕಣ್ಮುಚ್ಚಿದ್ರೆ ಯಾರ ಮುಖಾನೂ ಬರಲ್ಲ ಸಿಸ್ಟರ್. ಬರೀ ಕೈ, ಕಾಲು, ಬೆನ್ನು. ಯಾರದು ಅಂತ್ಲೂ ಗೊತ್ತಾಗಲ್ಲ. ಇದಕ್ಕೋಸ್ಕರ ನಾನು ಅಷ್ಟು ಜನದ ಹತ್ರ ಮಾತು ಕೇಳ್ಬೇಕಿತ್ತಾ?’

ಈ ಮಾತು ನನಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಹುಡುಗಿಗೆ ಮನೆಯ ನೆನಪಾಗಿದೆ, ನಾಲ್ಕು ದಿನ ಕಳೆದರೆ ಸರಿಹೋಗುತ್ತದೆ ಎಂದು ಪತ್ರವನ್ನು ಡ್ರಾಯರಿಗೆ ಹಾಕಿದೆ. ಆದರೂ ಒಳಗೊಳಗೇ ದಿಗಿಲು. ನನ್ನ ಕೈಕೆಳಗಿದ್ದ ಏಳು ನರ್ಸುಗಳಲ್ಲಿ ಅವಳಂಥವಳು ಇನ್ನೊಬ್ಬಳಿರಲಿಲ್ಲ. ಅವಳು ಹೋದರೆ, ‘ಹೇಳಿರ್ಲಿಲ್ವಾ ನಾವು’ ಎನ್ನಲು ಅವಳ ನೆಂಟರು ಕಾದು ಕೂತಿದ್ದರು. ಅದೂ ನನಗೆ ಗೊತ್ತಿತ್ತು.

ನೋಟಿಸಿನ ಅವಧಿ ಅರ್ಧ ಕಳೆದಿದ್ದಾಗ ಹನ್ನೊಂದನೇ ನಂಬರಿನ ಹಾಸಿಗೆಗೆ ಪಿಳ್ಳಮ್ಮ ಎಂಬ ಹೆಂಗಸು ಬಂದಳು. ಮೂವತ್ತರ ಆಸುಪಾಸಿನವಳು, ಚರಕದಲ್ಲಿ ನೂಲು ತೆಗೆಯುವ ಕೂಲಿ. ಚರಕದ ಹಲಗೆಯ ಮೊಳೆ ಅಂಗೈಗೆ ಹೊಕ್ಕಿತ್ತು. ಗಾಯಕ್ಕೆ ಮನೆಯಲ್ಲಿ ಸಗಣಿ ಬೂದಿ ಮೆತ್ತಿ, ಹಳೇ ಸೀರೆಯ ತುಂಡು ಸುತ್ತಿ, ಎಂಟು ದಿನ ಹಾಗೇ ಕೆಲಸಕ್ಕೆ ಹೋಗಿದ್ದಳು. ನಮ್ಮಲ್ಲಿಗೆ ಬರುವಾಗ ಕೈ ಮೊಣಕೈವರೆಗೂ ಊದಿತ್ತು. ಡಾಕ್ಟರು ಕೀವು ತೆಗೆದು ಪೆನಿಸಿಲಿನ್ ಬರೆದರು. ಧನುರ್ವಾಯು ಬಾರದಂತೆ ಕೊಡುವ ಎ.ಟಿ.ಎಸ್. ಚುಚ್ಚುಮದ್ದು ನಮ್ಮಲ್ಲಿ ಮುಗಿದು, ಬೆಂಗಳೂರಿಗೆ ಬೇಡಿಕೆ ಹೋಗಿತ್ತು. ಅಂಥ ಗಾಯಕ್ಕೆ ಧನುರ್ವಾಯು ಬರಬಹುದು, ಗಮನವಿಟ್ಟು ನೋಡಿಕೊಳ್ಳಿ ಎಂದು ಡಾಕ್ಟರು ನನಗೆ ಹೇಳಿದರು. ನಾನು ಮೂವರಿಗೂ ಹೇಳಿದೆ. ಮೂವರೂ ತಲೆಯಾಡಿಸಿದರು.

ಮೂರನೆಯ ದಿನ ಬೆಳಿಗ್ಗೆ ಒಂಬತ್ತೂವರೆ. ನಾನು ಬಾಗಿಲ ಹತ್ತಿರದ ಮೇಜಿನಲ್ಲಿ ಬರೆಯುತ್ತಿದ್ದೆ. ರತ್ನ ಟ್ರಾಲಿ ತಳ್ಳಿಕೊಂಡು ಹತ್ತನೇ ನಂಬರು ಮುಗಿಸಿ ಹನ್ನೊಂದಕ್ಕೆ ಹೋದಳು. ಬ್ಯಾಂಡೇಜು ಬಿಚ್ಚಲು ಪಿಳ್ಳಮ್ಮನ ಕೈ ಎತ್ತಿದಾಗ ಅದು ಮರದ ಕೊರಡಿನ ಹಾಗೆ ಬಿಗಿಯಾಗಿತ್ತಂತೆ. ಆಗ ರತ್ನ ತಲೆ ಎತ್ತಿ ಅವಳ ಮುಖ ನೋಡಿದಳು. ಇಕ್ಕಳ ಟ್ರೇಗೆ ಬಿದ್ದ ಸದ್ದು ನನಗೆ ಕೇಳಿಸಿತು.

‘ಸಿಸ್ಟರ್, ಬನ್ನಿ ಇಲ್ಲಿ. ಬೇಗ ಬನ್ನಿ.’

ಹೋದೆ. ಪಿಳ್ಳಮ್ಮನ ಹುಬ್ಬುಗಳು ಮೇಲೆ ಹೋಗಿ, ತುಟಿಗಳು ಎರಡೂ ಕಡೆ ಎಳೆದುಕೊಂಡು, ನಗುತ್ತಿರುವಂತೆ ಕಾಣುತ್ತಿತ್ತು. ಕಣ್ಣಿನಲ್ಲಿ ಮಾತ್ರ ಜೀವ ಹೋಗುವಷ್ಟು ಹೆದರಿಕೆ. ರತ್ನ ಅವಳ ಗಲ್ಲ ಹಿಡಿದು, ‘ಪಿಳ್ಳಮ್ಮ, ಬಾಯಿ ತೆಗಿಯಮ್ಮ, ಎಲ್ಲಿ, ಒಂಚೂರು’ ಎಂದಳು. ಒಂದು ಬೆರಳು ತೂರುವಷ್ಟೂ ಬಾಯಿ ತೆರೆಯಲಿಲ್ಲ. ಧನುರ್ವಾಯುವಿನಲ್ಲಿ ಮೊದಲು ಬಿಗಿಯುವುದು ದವಡೆ. ಅದನ್ನು ಮೊದಲ ದಿನವೇ ಹಿಡಿದರೆ ಉಳಿಸಿಕೊಳ್ಳುವ ಆಸೆ ಇರುತ್ತದೆ. ಮೈಯೆಲ್ಲ ಹಬ್ಬಿದರೆ ಆಗಿನ ಕಾಲದಲ್ಲಿ ಉಳಿಯುತ್ತಿದ್ದವರು ಕಡಿಮೆ.

‘ಯಾವಾಗಿನಿಂದ ಹೀಗಿದೆ? ಯಾರೂ ನೋಡ್ಲಿಲ್ವಾ?’ ಎಂದು ಕೂಗಾಡಿದೆ. ಜಾನಕಿ, ಮೇರಿ ಓಡಿಬಂದರು.

ಜಾನಕಿ ಅಳುವ ದನಿಯಲ್ಲಿ ಹೇಳಿದಳು: ‘ನಿನ್ನೆ ಬೆಳಗಿಂದ ಥರ್ಮಾಮೀಟರು ನಾಲಿಗೆ ಕೆಳಗೆ ಇಡೋಕಾಗ್ಲಿಲ್ಲ ಸಿಸ್ಟರ್. ಹಲ್ಲು ಬಿಡ್ಲಿಲ್ಲ. ಕಂಕುಳಲ್ಲಿಟ್ಟು ಬರ್ಕೊಂಡೆ.’

ಮೇರಿ ಹೇಳಿದಳು: ‘ಮಾತ್ರೆ ನುಂಗೋಕೆ ಕಷ್ಟ ಅಂದ್ರು. ಗಂಟಲು ನೋವೇನೋ ಅಂತ ಪುಡಿ ಮಾಡಿ ನೀರಲ್ಲಿ ಕುಡಿಸಿದೆ.’

ಅಷ್ಟು ಹೊತ್ತೂ ಹಾಸಿಗೆಯ ಕಾಲಬದಿಯಲ್ಲಿ ಪಾತ್ರೆ ಹಿಡಿದು ನಿಂತಿದ್ದ ಪಿಳ್ಳಮ್ಮನ ಅತ್ತೆ ಬಾಯಿಬಿಟ್ಟಳು: ‘ನೆನ್ನೆಯಿಂದ ಮುದ್ದೆ ಹಂಗೇ ವಾಪಸ್ ತಗಂಡೋಯ್ತಾ ಇವ್ನಿ ಕಣವ್ವ. ನುಂಗಾಕೇ ಆಗಲ್ಲ ಅಂತಾಳೆ. ಯಾರ್ಗೇಳ್ಬೇಕು ಅಂತ ಗೊತ್ತಾಗ್ಲಿಲ್ಲ. ಒಂದೊಂದ್ ಕಿತ ಒಬ್ಬೊಬ್ರು ಬತ್ತೀರಿ, ಬಿರ್‌ಬಿರ್ನೆ ಓಯ್ತೀರಿ.’

ನಾನು ಪಟ್ಟಿಯ ಕಡೆ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಮೂವರೂ ತಮ್ಮತಮ್ಮ ಕೆಲಸವನ್ನು ಚಾಚೂ ತಪ್ಪದೆ ಮಾಡಿದ್ದರು. ಒಬ್ಬಳಿಗೆ ಹಲ್ಲು ಬಿಡದಿದ್ದುದು ಗೊತ್ತಿತ್ತು, ಇನ್ನೊಬ್ಬಳಿಗೆ ಗಂಟಲು ಗೊತ್ತಿತ್ತು, ಮುದುಕಿಗೆ ಮುದ್ದೆ ಗೊತ್ತಿತ್ತು. ಇವೆಲ್ಲ ಒಂದೇ ತಲೆಯಲ್ಲಿ ಸೇರುವುದಕ್ಕೆ ಆ ವಾರ್ಡಿನಲ್ಲಿ ಜಾಗವೇ ಉಳಿದಿರಲಿಲ್ಲ. ಹಿಂದಿನ ಪದ್ಧತಿ ಇದ್ದಿದ್ದರೆ ಹನ್ನೊಂದನೇ ನಂಬರು ರತ್ನಳ ಆರರಲ್ಲಿ ಒಂದು. ಮೊದಲ ತುತ್ತು ವಾಪಸು ಹೋದ ದಿನವೇ ಅವಳಿಗೆ ಗೊತ್ತಾಗುತ್ತಿತ್ತು.

ಡಾಕ್ಟರು ಬಂದು, ನಿದ್ದೆ ಬರುವ ಇಂಜೆಕ್ಷನ್ ಕೊಟ್ಟು, ಬೆಂಗಳೂರಿಗೆ ಸಾಗಿಸಲು ಹೇಳಿದರು. ಧನುರ್ವಾಯು ಬಂದವರಿಗೆ ಒಂದು ಸಪ್ಪಳ, ಒಂದು ಕುಲುಕು ತಾಗಿದರೂ ಮೈ ಬಿಲ್ಲಿನಂತೆ ಬಗ್ಗಿ ಸೆಟೆಯುತ್ತದೆ. ಆದ್ದರಿಂದ ಜೀಪಿನ ಸುತ್ತ ಕಂಬಳಿ ಕಟ್ಟಿ ಕತ್ತಲು ಮಾಡಿ, ಹಾರ್ನ್ ಹೊಡೆಯಬೇಡ, ಎತ್ತಿನ ಗಾಡಿಯ ವೇಗದಲ್ಲಿ ಹೋಗು ಎಂದು ಡ್ರೈವರಿಗೆ ತಾಕೀತು ಮಾಡಿದೆವು. ಜೊತೆಗೆ ಯಾರು ಹೋಗುತ್ತೀರಿ ಎಂದು ನಾನು ಕೇಳುವ ಮೊದಲೇ ರತ್ನ ಜೀಪು ಹತ್ತಿ, ಪಿಳ್ಳಮ್ಮನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಸಂಜೆ ಆರು ಗಂಟೆಗೆ ಅವಳು ವಾಪಸು ಬಂದಳು. ಜೀವ ಇದೆ, ಮುಂದಿನದು ಗೊತ್ತಿಲ್ಲ ಎಂದಳು. ನಾನು ಅವಳ ಎದುರಿಗೇ ಗೋಡೆಯ ಪಟ್ಟಿಯನ್ನು ಕಿತ್ತು ಮಡಚಿದೆ. ನಾಳೆಯಿಂದ ನಿನ್ನ ಆರು ಹಾಸಿಗೆ ನಿನಗೆ, ಆ ರಾಜೀನಾಮೆ ಪತ್ರವನ್ನು ಹರಿದುಹಾಕುತ್ತೇನೆ ಎಂದೆ. ಅವಳು ಬೇಡ ಎಂದು ತಲೆಯಾಡಿಸಿದಳು.

‘ನೆನ್ನೇನೂ ಆಯಮ್ಮನ ಕೈ ಕಟ್ಟಿದ್ದು ನಾನೇ ಸಿಸ್ಟರ್. ಮುಖ ನೋಡ್ಲಿಲ್ಲ. ಹೊರಗೆ ಇನ್ನೂ ಹನ್ನೆರಡು ಜನ ಕಾಯ್ತಾವ್ರೆ ಅಂತ ಕೈ ನೋಡ್ಕೊಂಡು ಕಟ್ಟಿ ಹೊರಟೋದೆ. ನಾನು ಮುಂಚೆ ಹಂಗಿರ್ಲಿಲ್ಲ.’

ಉಳಿದ ಹದಿಮೂರು ದಿನ ಅವಳು ಹಳೆಯ ಹಾಗೇ ಕೆಲಸ ಮಾಡಿದಳು. ಹಾಸಿಗೆಯ ಅಂಚಿನಲ್ಲಿ ಕೂತಳು, ತಲೆ ಬಾಚಿದಳು, ಊರ ಸುದ್ದಿಯೆಲ್ಲ ಕೇಳಿದಳು. ಮೇರಿಯ ದನಿ ಮತ್ತೆ ಕೇಳಿಸಿತು. ಬೆಳಗಿನ ಕೆಲಸ ಮುಗಿಯುವುದು ಮತ್ತೆ ಒಂದು ಗಂಟೆಯಾಯಿತು, ನಾನು ಗಡಿಯಾರ ನೋಡುವುದು ಬಿಟ್ಟೆ. ಇವಳು ಮನಸ್ಸು ಬದಲಾಯಿಸುತ್ತಾಳೆ ಎಂದು ದಿನವೂ ಅವಳ ಮುಖ ನೋಡುತ್ತಿದ್ದೆ. ಕೊನೆಯ ದಿನ ತನ್ನ ಆರು ಜನರ ವಿಷಯವನ್ನು ಜಾನಕಿಗೆ ಅರ್ಧ ಗಂಟೆ ಕೂತು ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟಳು. ಬಸ್ಸು ಹೋದ ಮೇಲೂ ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ನನಗೆ ಅಳು ಬಂದಿತ್ತು. ಆಸ್ಪತ್ರೆಯ ಗೇಟಿನಲ್ಲಿ ಸಿಸ್ಟರ್ ಅಳುವುದು ಚೆನ್ನಾಗಿರುವುದಿಲ್ಲ ಎಂದು ಒಳಗೆ ಬಂದೆ.

ಐದು ವಾರಗಳಾದ ಮೇಲೆ ಸಂತೆಯ ದಿನ ಬಾಗಿಲಲ್ಲಿ ಯಾರೋ ಇಣುಕಿದರು. ಪಿಳ್ಳಮ್ಮ. ಮೂಳೆ ಚಕ್ಕಳವಾಗಿದ್ದಳು, ಅತ್ತೆಯ ಭುಜ ಹಿಡಿದು ನಿಂತಿದ್ದಳು, ಆದರೆ ಬದುಕಿದ್ದಳು. ‘ಜೀಪ್ನಾಗೆ ನನ್ ತಲೆ ತೊಡೆ ಮ್ಯಾಲಿಕ್ಕಂಡಿದ್ರಲ್ಲ, ಆ ಅಮ್ಮ ಎಲ್ಲವ್ರೆ?’ ಎಂದಳು. ಕೆಲಸ ಬಿಟ್ಟರು ಎಂದೆ. ‘ಅಯ್ಯೋ, ಯಾಕೆ?’ ಎಂದು ಅವಳು ಕೇಳಿದಳು.

ಮುಂದಿನ ಭಾನುವಾರ ಬಸ್ಸು ಹಿಡಿದು ರತ್ನಳ ಹಳ್ಳಿಗೆ ಹೋದೆ. ಅವಳು ಹಜಾರದಲ್ಲಿ ಕೂತು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದಳು. ಸುದ್ದಿ ಹೇಳಿದೆ. ಅವಳ ಕೈ ನಿಂತಿತು.

‘ಮುದ್ದೆ ನುಂಗ್ತಾಳಂತಾ?’

‘ನುಂಗ್ತಾಳಂತೆ.’

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ಒಳಗಿನಿಂದ ಬಂದ ಅವಳ ಅಪ್ಪ ಏನೂ ಕೇಳದೆ ನನಗೆ ಮಜ್ಜಿಗೆ ಕೊಟ್ಟು ಹೋದರು.

ದಾರಿಯುದ್ದಕ್ಕೂ ನಾನು ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಮಾತ್ರ ಕಚೇರಿಯ ಮಾತು: ‘ನಿನ್ನ ಪೋಸ್ಟ್ ಇನ್ನೂ ಖಾಲಿ ಇದೆ ಕಣೆ. ಒಂದು ಅರ್ಜಿ ಬರೆದುಕೊಡು, ನಾನು ಶಿಫಾರಸು ಮಾಡ್ತೀನಿ.’

ಅವಳು ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದಳು. ‘ಒಂದು ಕೇಳ್ತೀನಿ, ನಿಜ ಹೇಳಿ ಸಿಸ್ಟರ್. ನಾನು ಆಯಮ್ಮನ ಮುಖ ನೋಡ್ದೇ ಇದ್ದಿದ್ದು ನನ್ನ ತಪ್ಪು ಅಂತ ನಿಮಗೂ ಅನ್ಸುತ್ತಾ?’

‘ಅದೆಲ್ಲ ಈಗ್ಯಾಕೆ ಬಿಡು, ಆಯಮ್ಮ ಬದುಕಿದಳಲ್ಲ’ ಎಂದೆ.

ಅವಳು ಆಯಿತು ಎಂಬಂತೆ ತಲೆಯಾಡಿಸಿದಳು. ಬಸ್ಸಿನ ತನಕ ಬಂದು ಕಳಿಸಿದಳು. ದಾರಿಯಲ್ಲಿ ಈ ಸಲ ಸೊಪ್ಪು ಚೆನ್ನಾಗಿದೆ, ಮಳೆ ಬಂದರೆ ಇನ್ನೂ ಚೆನ್ನಾಗಿ ಬರುತ್ತದೆ ಎಂದು ಮಾತಾಡಿದಳು. ಅರ್ಜಿ ಬರಲಿಲ್ಲ. ಅವಳ ಜಾಗವನ್ನು ನಾಲ್ಕು ತಿಂಗಳು ಏನೇನೋ ನೆಪ ಹೇಳಿ ಖಾಲಿ ಇಟ್ಟುಕೊಂಡಿದ್ದೆ; ಆಮೇಲೆ ಆಗಲಿಲ್ಲ. ಮದುವೆಯಾಗಿ ಹೊಸಕೋಟೆಯ ಕಡೆ ಹೋದಳು ಎಂದು ೭೧ರಲ್ಲಿ ಯಾರೋ ಹೇಳಿದರು. ಅಲ್ಲಿಗೆ ಅವಳ ಸುದ್ದಿ ನಿಂತಿತು.

ಅನಂತರ ಇಪ್ಪತ್ತು ವರ್ಷ ಆರು ಊರುಗಳಲ್ಲಿ ಕೆಲಸ ಮಾಡಿದೆ, ನೂರಾರು ಹುಡುಗಿಯರಿಗೆ ಪಾಠ ಹೇಳಿದೆ. ನನ್ನ ಕೈಯಲ್ಲಿ ಅಧಿಕಾರ ಇದ್ದ ಕಡೆಯಲ್ಲೆಲ್ಲ ಹಾಸಿಗೆಯನ್ನೇ ಹಂಚಿದೆ, ತಡವಾಗುತ್ತದೆ ಎಂದು ಮೇಲಿನವರಿಂದ ಬೈಸಿಕೊಂಡೆ. ನರ್ಸೊಬ್ಬಳು ಕಳೆಗುಂದಿದರೆ ಅವಳಿಗೆ ಇನ್ನೇನು ಕೊಡಲಿ ಎಂದು ಯೋಚಿಸುವ ಮೊದಲು, ಅವಳಿಂದ ನಾವು ಏನನ್ನು ಕಿತ್ತುಕೊಂಡಿದ್ದೇವೆ ಎಂದು ನೋಡಬೇಕು. ಕೆಲಸ ನನಗೆ ಕಲಿಸಿದ ಪಾಠ ಇದು. ಇದಕ್ಕೆ ಶುಲ್ಕ ಕಟ್ಟಿದವಳು ರತ್ನ. ಈಗಲೂ ಯಾವುದಾದರೂ ಆಸ್ಪತ್ರೆಗೆ ಹೋದರೆ, ರೋಗಿಯ ಹಾಸಿಗೆಯ ಅಂಚಿನಲ್ಲಿ ಕೂತ ನರ್ಸು ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಅವಳು ತಿರುಗುವ ತನಕ ಕಾಯುತ್ತೇನೆ. ಯಾರೋ ಬೇರೆ ಹುಡುಗಿ ತಿರುಗುತ್ತಾಳೆ. ರತ್ನಳಿಗೆ ಈಗ ನನ್ನಂತೆಯೇ ತಲೆ ಬೆಳ್ಳಗಾಗಿರುತ್ತದೆ ಎಂಬುದು ಗೊತ್ತಿದ್ದೂ ಪ್ರತಿಸಲ ಹೀಗೇ ನಿಲ್ಲುತ್ತೇನೆ.

ಅವಳು ಅವತ್ತು ಕೇಳಿದ್ದು ಒಂದೇ ಪ್ರಶ್ನೆ. ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಸಿಸ್ಟರ್ ಆದವಳು ಒಬ್ಬ ಸ್ಟಾಫ್ ನರ್ಸಿನ ಮುಂದೆ ಹಾಗೆ ಹೇಳಬಾರದು ಎಂಬ ಬಿಗುಮಾನ ಅದನ್ನು ಹಿಡಿದುಬಿಟ್ಟಿತು. ಹೇಳಿದ್ದರೆ ಅವಳು ಬರುತ್ತಿದ್ದಳೋ ಇಲ್ಲವೋ ತಿಳಿಯದು, ಆದರೆ ತಪ್ಪು ತನ್ನದೆಂಬ ಭಾರವನ್ನು ಅವಳು ಹೊತ್ತುಕೊಂಡು ಬಾಳಬೇಕಿರಲಿಲ್ಲ. ಅವಳೋ, ಅವಳ ಮಕ್ಕಳೋ ಇದನ್ನು ಓದಿದರೆ ಎಂಬ ಆಸೆಯಿಂದ ಈಗ ಬರೆಯುತ್ತಿದ್ದೇನೆ: ಇಲ್ಲ ರತ್ನ. ತಪ್ಪು ನನ್ನದು.